ಸಂಜೆ ಏಳರ ಏರಿಕೆ

ರೇಡಿಯೋ ಖಗೋಳ ವೀಕ್ಷಣೆಯ ಕೆಲಸಕ್ಕೆ ಸೇರಿ ಹನ್ನೊಂದು ವರ್ಷಗಳಾದ ಮೇಲೆ ನಾನು ಮಾಡಿದ ಒಂದು ತಪ್ಪನ್ನು, ಈಗತಾನೇ ಈ ಕೆಲಸಕ್ಕೆ ಬರುತ್ತಿರುವವರಿಗೆ ಉಪಯೋಗವಾಗಲೆಂದು ಬರೆದಿಡುತ್ತಿದ್ದೇನೆ. ನನ್ನ ಊರು ದಾವಣಗೆರೆ. ಗೌರಿಬಿದನೂರಿನಲ್ಲಿ ಸರಳ ತಂತಿ ಆಂಟೆನಾಗಳಾದ ಒಂದು ಸಾವಿರ ಡೈಪೋಲ್‌ಗಳನ್ನು ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಹರಡಿ, 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶವನ್ನು ಕೇಳಲೆಂದು 1976ರಲ್ಲಿ ಆರಂಭಿಸಿದ ದೂರದರ್ಶಕವನ್ನು ವಿದ್ಯಾರ್ಥಿಯಾಗಿದ್ದಾಗ ನೋಡಿ ಬಂದ ದಿನವೇ ನಾನು ಈ ಕ್ಷೇತ್ರವನ್ನು ಆರಿಸಿಕೊಂಡೆ.

ಕಳೆದ ಸೆಪ್ಟೆಂಬರಿನಲ್ಲಿ ನಮ್ಮ ನಾಲ್ವರ ತಂಡ ಚಳ್ಳಕೆರೆ ತಾಲ್ಲೂಕಿನ ಒಂದು ಕಾವಲಿನ ಅಂಚಿನಲ್ಲಿ ಬೀಡುಬಿಟ್ಟಿತ್ತು. 40ರಿಂದ 80 ಮೆಗಾಹರ್ಟ್ಸ್ ನಡುವಿನ ಆವರ್ತನಗಳಲ್ಲಿ ಆ ಜಾಗ ಎಷ್ಟು ನಿಶ್ಶಬ್ದವಾಗಿದೆ ಎಂಬುದನ್ನು ಹಗಲೂ ರಾತ್ರಿ ಅಳೆಯುವುದು ನಮ್ಮ ಕೆಲಸ. ಎಫ್‌ಎಂ ಬಾನುಲಿ 88 ಮೆಗಾಹರ್ಟ್ಸ್‌ನ ಮೇಲೆಯೇ ಇರುವುದರಿಂದ ಅದರ ಕಾಟ ನಮಗೆ ಅಷ್ಟಾಗಿ ಇರಲಿಲ್ಲ. ಮೊಬೈಲುಗಳನ್ನು ಆಫ್ ಮಾಡಿ ದೂರದಲ್ಲಿ ನಿಲ್ಲಿಸಿದ ಜೀಪಿನಲ್ಲಿಡುತ್ತಿದ್ದೆವು. ಕಂಪ್ಯೂಟರು ಉಕ್ಕಿನ ಪೆಟ್ಟಿಗೆಯೊಳಗಿತ್ತು. ಎಲ್‌ಇಡಿ ದೀಪಗಳೂ ರೇಡಿಯೋ ಸದ್ದು ಮಾಡುವುದರಿಂದ ರಾತ್ರಿ ಊಟಕ್ಕೆ ಕಂದೀಲು ಹಚ್ಚುತ್ತಿದ್ದೆವು. ಬೆಳಿಗ್ಗೆ ಎದ್ದರೆ ಮೊದಲ ಕೆಲಸ ಕೇಬಲ್ಲಿನ ಉದ್ದಕ್ಕೂ ನಡೆದು, ಇಲಿ ಕಡಿದಿದೆಯೇ, ಕನೆಕ್ಟರಿನೊಳಗೆ ನೀರಿಳಿದಿದೆಯೇ ಎಂದು ನೋಡುವುದು.

ಈ ಆವರ್ತನಗಳಲ್ಲಿ ಆಕಾಶ ಎಂದೂ ಪೂರ್ತಿ ಮೌನವಾಗಿರುವುದಿಲ್ಲ. ಕ್ಷೀರಪಥದ ಕೇಂದ್ರ ಇರುವ ಧನು ರಾಶಿಯ ಭಾಗ ನೆತ್ತಿಯ ದಕ್ಷಿಣಕ್ಕೆ ಬಂದಾಗ ನಮ್ಮ ಆಂಟೆನಾಗೆ ಸಿಗುವ ಶಕ್ತಿ ನಿಧಾನವಾಗಿ ಏರಿ, ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಸೆಪ್ಟೆಂಬರ್ ಎರಡನೆಯ ವಾರದಲ್ಲಿ ನಮ್ಮ ಕಡೆ ಇದು ನಡೆಯುವುದು ಸಂಜೆ ಏಳರ ಆಸುಪಾಸಿನಲ್ಲಿ. ಮೊದಲ ಸಂಜೆಯ ಗ್ರಾಫಿನಲ್ಲಿ ಏಳರ ಹೊತ್ತಿಗೆ ಏರಿಕೆ ಕಂಡಿತು. ನಾನು ಲಾಗ್ ಪುಸ್ತಕದಲ್ಲಿ ‘ಕ್ಷೀರಪಥದ ಏರಿಕೆ’ ಎಂದು ಬರೆದೆ. ಮರುದಿನವೂ ಅದನ್ನೇ ಬರೆದೆ. ಹೀಗೆ 18 ಸಂಜೆಗಳು ಕಳೆದವು.

ನಕ್ಷತ್ರಗಳು ದಿನಕ್ಕೆ ಸುಮಾರು ನಾಲ್ಕು ನಿಮಿಷ ಮೊದಲೇ ಅದೇ ಜಾಗಕ್ಕೆ ಬರುತ್ತವೆ ಎಂಬುದು ನಮ್ಮ ಕೆಲಸದ ಮೊದಲ ಪಾಠ. ಈ ವಿಜ್ಞಾನ ಹುಟ್ಟಿದ್ದೇ ಆ ನಾಲ್ಕು ನಿಮಿಷಗಳಿಂದ. 1930ರ ದಶಕದ ಆರಂಭದಲ್ಲಿ ಕಾರ್ಲ್ ಯಾನ್‌ಸ್ಕಿ ಅವರು ಸಾಗರದಾಚೆಗಿನ ರೇಡಿಯೋ ದೂರವಾಣಿಗೆ ಅಡ್ಡಿಯಾಗುವ ಗದ್ದಲದ ಮೂಲವನ್ನು 20.5 ಮೆಗಾಹರ್ಟ್ಸ್‌ನಲ್ಲಿ ಹುಡುಕುತ್ತಿದ್ದಾಗ, ಒಂದು ಬಗೆಯ ಗೊರಗೊರ ಸದ್ದು ಗಡಿಯಾರದ ದಿನಕ್ಕಲ್ಲದೆ 23 ಗಂಟೆ 56 ನಿಮಿಷಗಳ ನಕ್ಷತ್ರ ದಿನಕ್ಕೆ ಹೊಂದಿಕೊಂಡು ಮರಳುತ್ತಿರುವುದನ್ನು ಗುರುತಿಸಿದರು; ಅದು ಕ್ಷೀರಪಥದ ಸದ್ದು ಎಂದು ತಿಳಿದದ್ದು ಹಾಗೆ. ಇದನ್ನು ಎಷ್ಟೋ ವಿದ್ಯಾರ್ಥಿಗಳಿಗೆ ಹೇಳಿಕೊಟ್ಟಿರುವ ನಾನು, ನನ್ನದೇ ಗ್ರಾಫುಗಳನ್ನು ಒಂದರ ಮೇಲೊಂದು ಇಟ್ಟು ನೋಡಿರಲಿಲ್ಲ. ಹಿರಿಯರೊಬ್ಬರು ಬಂದು ಹಾಗೆ ಇಡಿಸಿದಾಗ ಒಂದಲ್ಲ, ಎರಡು ಏರಿಕೆಗಳಿರುವುದು ಕಂಡಿತು. ನಯವಾದ ಗುಡ್ಡದಂತಿದ್ದ ಒಂದು ಏರಿಕೆ ಒಂದು ಗಂಟೆಗೂ ಹೆಚ್ಚು ಹಿಂದಕ್ಕೆ ಸರಿದು ಆರು ಗಂಟೆಗಿಂತ ಮೊದಲೇ ಶಿಖರ ಮುಟ್ಟುತ್ತಿತ್ತು. ಮೆಟ್ಟಿಲಿನಂತೆ ಥಟ್ಟನೆ ಏಳುತ್ತಿದ್ದ ಇನ್ನೊಂದು, ಏಳಕ್ಕೆ ಸ್ವಲ್ಪ ಮೊದಲು, ಇದ್ದಲ್ಲಿಯೇ ಇತ್ತು. ಆಕಾಶಕ್ಕೆ ನಮ್ಮ ಕೈಗಡಿಯಾರದ ಹಂಗಿಲ್ಲ. ಗಡಿಯಾರಕ್ಕೆ ಸರಿಯಾಗಿ ಬರುವುದು ಮನುಷ್ಯರದೇ ಆಗಿರಬೇಕು.

ನಾವು ಹತ್ತು ಸೆಕೆಂಡುಗಳ ಸರಾಸರಿಯನ್ನು ದಾಖಲಿಸುತ್ತಿದ್ದುದರಿಂದ ಅದರೊಳಗೆ ಏನಿದೆ ಎಂಬುದು ಕಾಣುತ್ತಿರಲಿಲ್ಲ. ಅಂದು ಸಂಜೆ ವೇಗವಾಗಿ ದಾಖಲಿಸಿದಾಗ, ಸೆಕೆಂಡಿಗೆ ಒಂದಕ್ಕಿಂತ ತುಸು ನಿಧಾನವಾದ, ಅಚ್ಚುಕಟ್ಟಾದ ಮಿಡಿತಗಳು ಪರದೆಯ ಮೇಲೆ ಸಾಲಾಗಿ ನಿಂತವು. ತರಬೇತಿಗೆ ಬಂದಿದ್ದ ಹುಡುಗಿಗೆ ಉಸಿರೇ ನಿಂತಂತಾಯಿತು. 1967ರಲ್ಲಿ ಜೋಸೆಲಿನ್ ಬೆಲ್ ಕಂಡ ಮೊದಲ ಪಲ್ಸಾರ್‌ನ (ತಿರುಗುತ್ತಾ ಮಿಡಿತಗಳಂತೆ ರೇಡಿಯೋ ಅಲೆ ಕಳಿಸುವ ನಕ್ಷತ್ರ) ಮಿಡಿತ 1.337 ಸೆಕೆಂಡಿಗೊಮ್ಮೆ ಎಂಬುದು ಅವಳಿಗೆ ಬಾಯಿಪಾಠವಾಗಿತ್ತು. ಆದರೆ ನಕ್ಷತ್ರಗಳ ನಡುವಿನ ಎಲೆಕ್ಟ್ರಾನುಗಳನ್ನು ಹಾದು ಬರುವ ಅಲೆಗಳಲ್ಲಿ ಹೆಚ್ಚಿನ ಆವರ್ತನದವು ಮೊದಲು, ಕಡಿಮೆಯವು ತಡವಾಗಿ ತಲುಪುತ್ತವೆ. ಆ ಪಲ್ಸಾರ್‌ನ ಒಂದೇ ಮಿಡಿತ 80 ಮೆಗಾಹರ್ಟ್ಸ್‌ನಲ್ಲಿ ಬಂದು ಸುಮಾರು 24 ಸೆಕೆಂಡುಗಳಾದ ಮೇಲೆ 40ರಲ್ಲಿ ಬರಬೇಕು. ನಮ್ಮ ಪರದೆಯ ಮೇಲೆ ಎಲ್ಲ ಆವರ್ತನಗಳಲ್ಲೂ ಮಿಡಿತ ಏಕಕಾಲಕ್ಕೆ ಬೀಳುತ್ತಿತ್ತು. ಅಷ್ಟಲ್ಲದೆ, ನಮ್ಮದರಂತಹ ಒಂಟಿ ಆಂಟೆನಾಗೆ ಪಲ್ಸಾರ್‌ನ ಬಿಡಿ ಮಿಡಿತ ಕಾಣಿಸುವುದೂ ಇಲ್ಲ. ಮೂಲ ಹತ್ತಿರದಲ್ಲೇ ಇತ್ತು.

ಹಳೆಯ ಟ್ರಾನ್ಸಿಸ್ಟರ್ ರೇಡಿಯೋವನ್ನು ಮೀಡಿಯಂ ವೇವ್‌ನಲ್ಲಿ ಎರಡು ನಿಲಯಗಳ ನಡುವಿನ ಖಾಲಿ ಜಾಗಕ್ಕೆ ತಿರುಗಿಸಿ, ಟಾರ್ಚು ಹಿಡಿದು ಇಬ್ಬರು ಹೊರಟೆವು. ಟಕ್, ಟಕ್ ಎಂಬ ಸದ್ದು ಪೂರ್ವಕ್ಕೆ ನಡೆದಂತೆಲ್ಲ ಜೋರಾಯಿತು. ಒಂದು ಶೇಂಗಾ ಹೊಲದ ಬೇಲಿಯ ಬಳಿ ಮಾತು ಕೇಳಿಸದಷ್ಟಾಯಿತು. ಅದು ಕಾಡುಹಂದಿಗಳಿಗೆಂದು ಹಾಕಿ, ದಿನಾ ಸಂಜೆ ಆನ್ ಮಾಡುತ್ತಿದ್ದ, ಮಿಡಿತ ಮಿಡಿತವಾಗಿ ಶಾಕ್ ಹರಿಸುವ ಸೋಲಾರ್ ಬೇಲಿ. ಟಾರ್ಚು ಆರಿಸಿ ನಿಂತಾಗ, ಒಂದು ಕಲ್ಲುಕಂಬದ ಮೇಲೆ ತಂತಿ ಕಂಬಕ್ಕೆ ತಾಗದಂತೆ ಹಿಡಿಯುವ, ಬಿರುಕು ಬಿಟ್ಟ ಪ್ಲಾಸ್ಟಿಕ್ ಬಿಲ್ಲೆಯಿಂದ ಮಳೆಯಲ್ಲಿ ನೆನೆದ ಕಲ್ಲಿಗೆ, ಪ್ರತಿ ಮಿಡಿತಕ್ಕೂ ಸಾಸಿವೆ ಕಾಳಿನಷ್ಟು ನೀಲಿ ಕಿಡಿ ಹಾರುತ್ತಿರುವುದು ಕಂಡಿತು. ಸ್ವಲ್ಪ ಮುಂದೆ ಬೆಳೆದ ಹುಲ್ಲು ತಂತಿಗೆ ತಾಗಿ ಅಲ್ಲಿಯೂ ಕಿಡಿ ಇತ್ತು.

ಬೆಳಿಗ್ಗೆ ಹೊಲದ ಯಜಮಾನಿಯನ್ನು ಕಂಡು ವಿಷಯ ತಿಳಿಸಿದೆ. ಬೇಲಿ ನಿಲ್ಲಿಸಲು ಹೇಳಲಿಕ್ಕೆ ಬಂದಿದ್ದೇವೆಂದು ಅವರು ಗಾಬರಿಯಾದರು.

“ರಾತ್ರಿ ಮಷಿನ್ ಆಫ್ ಮಾಡಿದ್ರೆ ಬೆಳಗಾಗೋದ್ರೊಳಗೆ ಹೊಲ ಇರಲ್ಲ ಸಾರ್. ಹಂದಿ ಗುಂಪುಗುಂಪಾಗಿ ಬರ್ತವೆ.”

“ಆಫ್ ಮಾಡೋದು ಬೇಡಕ್ಕ. ಕಿಡಿ ಹಾರೋ ಕಡೆ ಸರಿ ಮಾಡಿದ್ರೆ ಸಾಕು, ಆ ಕಡೆ ತುದಿಗೂ ಶಾಕ್ ಚೆನ್ನಾಗಿ ಹೋಗ್ತೈತೆ.”

“ಅದಕ್ಕೇ ಹಳ್ಳದ ಕಡೆಯಿಂದ ನುಗ್ತಿದ್ವಾ?” ಎಂದವರೇ ಅವರು ಮಷಿನ್ ಆಫ್ ಮಾಡಿ, ಕುಡುಗೋಲು ತಂದು ಹುಲ್ಲು ಕೊಯ್ಯಲು ನಿಂತರು. ನಾವು ಹೊಸ ಬಿಲ್ಲೆಗಳನ್ನು ತಂದು ಆರು ಕಡೆ ಬದಲಾಯಿಸಿದೆವು. ಅಂದಿನ ಸಂಜೆಯ ಗ್ರಾಫಿನಲ್ಲಿ ಮೆಟ್ಟಿಲು ಇರಲಿಲ್ಲ. ಸಾಫ್ಟ್‌ವೇರಿನಲ್ಲಿ ಆ ಗಂಟೆಗಳನ್ನು ಕತ್ತರಿಸಿ ಬಿಸಾಡುವುದು ಇದಕ್ಕಿಂತ ಸುಲಭವಾಗಿತ್ತು, ಮತ್ತು ಎಷ್ಟೋ ಕಡೆ ನಾವು ಅದನ್ನೇ ಮಾಡುತ್ತೇವೆ. ಆದರೆ ಹಾಗೆ ಮಾಡಿದ್ದರೆ ಈ ಜಾಗ ಸಂಜೆಯ ವೀಕ್ಷಣೆಗೆ ಯೋಗ್ಯವಲ್ಲ ಎಂಬ ತಪ್ಪು ವರದಿ ನನ್ನ ಸಹಿಯಲ್ಲಿ ಹೋಗುತ್ತಿತ್ತು.

ನನ್ನ ತಪ್ಪು ಕಿಡಿಯನ್ನು ಕಾಣದಿದ್ದುದಲ್ಲ. ಕಂಡದ್ದು ‘ಏಳರ ಹೊತ್ತಿಗೆ ಏರಿಕೆ’ ಮಾತ್ರ. ನಾನು ಬರೆದದ್ದು ಅದರ ಕಾರಣವನ್ನು. ಕಾರಣ ಬರೆದುಬಿಟ್ಟ ಮೇಲೆ ಮುಂದಿನ ಪಾಳಿಯವರು ಆ ಸಾಲನ್ನು ಓದಿ ನಿಶ್ಚಿಂತರಾದರು, ನಾನೂ ಆದೆ. ಈಗ ನಮ್ಮ ಲಾಗ್ ಪುಸ್ತಕದ ಎಡ ಪುಟದಲ್ಲಿ ಕಂಡದ್ದನ್ನು, ಗಂಟೆ ನಿಮಿಷಗಳೊಂದಿಗೆ ನಕ್ಷತ್ರ ಸಮಯವನ್ನೂ ಸೇರಿಸಿ, ಬರೆಯುತ್ತೇವೆ. ಬಲ ಪುಟ ಪರೀಕ್ಷೆಯಾಗುವವರೆಗೆ ಖಾಲಿ ಇರುತ್ತದೆ. ಸುತ್ತಲಿನ ಹೊಲಗಳಲ್ಲಿ ಮೋಟಾರು ಯಾವಾಗ ಓಡುತ್ತದೆ, ತ್ರೀ ಫೇಸ್ ಕರೆಂಟು ಯಾವ ಹೊತ್ತಿಗೆ ಬರುತ್ತದೆ ಎಂಬುದಕ್ಕೂ ಒಂದು ಪುಟ ಮೀಸಲಾಗಿದೆ.

ಆ 18 ಸಂಜೆಗಳ ಅಳತೆಯನ್ನು ಅಕ್ಟೋಬರಿನಲ್ಲಿ ಮತ್ತೆ ಮಾಡಿದೆವು. ಹಳೆಯ ಸಾಲುಗಳನ್ನು ನಾನು ಅಳಿಸಿಲ್ಲ; ಕೆಳಗಿನ ಅಕ್ಷರ ಓದಲು ಬರುವಂತೆ ಒಂದೊಂದೇ ಗೆರೆ ಎಳೆದು, ಪಕ್ಕದಲ್ಲಿ ದಿನಾಂಕ ಬರೆದು ಸಹಿ ಹಾಕಿದ್ದೇನೆ.