ಅಜ್ಜಿಯ ಮುಡಿಪು, ಮಾದಪ್ಪನ ಹುಲಿ

ಮೊನ್ನೆ ಅಮಾವಾಸ್ಯೆಗೆ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗಿ ಬಂದೆ. ಹರಕೆ ನನ್ನದಲ್ಲ, ನಮ್ಮಜ್ಜಿಯದು. ಅಜ್ಜಿ ತೀರಿಕೊಂಡು ಎಷ್ಟೋ ವರ್ಷ ಆಯಿತು. ಹರಕೆ ಮಾತ್ರ ನಮ್ಮ ಹಳೇ ಮನೆಯ ಕೊಟ್ಟಿಗೆ ತೊಲೆಯಲ್ಲಿ ನೇತಾಡಿಕೊಂಡೇ ಇತ್ತು.

ಹೋದ ಬೇಸಿಗೆಯಲ್ಲಿ ಹೆಂಚು ಇಳಿಸಿ ಶೀಟು ಹಾಕಿಸುವಾಗ ಸಿಕ್ಕಿತು. ನಿಂಬೆಹಣ್ಣಿನ ಗಾತ್ರದ ಗಂಟು. ಮೇಲೆಲ್ಲ ಹೊಗೆಗೆ ಕಪ್ಪಾಗಿತ್ತು, ಮಡಿಕೆಯ ಒಳಗೆ ಅರಿಶಿನ ಹಾಗೇ ಇತ್ತು. ಅವ್ವ ಅದನ್ನು ಕಣ್ಣಿಗೊತ್ತಿಕೊಂಡು ನನ್ನ ಕೈಗೆ ಕೊಟ್ಟಳು. ನಾನು ಕಣ್ಣಿಗೊತ್ತಿಕೊಳ್ಳೋದು ಬಿಟ್ಟು ಮೂಗಿಗೆ ಹಿಡಿದೆ. ಅರಿಶಿನ, ಹೊಗೆ, ಸಗಣಿ, ಹಸುವಿನ ಮೈ ಬಿಸಿ, ಎಲೆಡಿಕೆ, ಇನ್ನೂ ಏನೇನೋ. ಅಜ್ಜಿ ಸೆರಗಿನಲ್ಲಿ ಮುಖ ಹುದುಗಿಸಿದರೆ ಬರುತ್ತಿದ್ದ ವಾಸನೆ ಅದೇ. ನನಗೆ ಮಾತೇ ಹೊರಡಲಿಲ್ಲ. ಕೆಲಸದವರು ಮೇಲಿಂದ "ಏನಕ್ಕ, ಚಿನ್ನ ಸಿಕ್ತಾ" ಅಂತ ತಮಾಷೆ ಮಾಡುತ್ತಿದ್ದರು.

ಆ ಮುಡಿಪು ಕಟ್ಟಿದ್ದು ಹುಲಿಗಾಗಿ.

ಆಗ ನಮ್ಮ ಮನೆಯಲ್ಲಿ ಎರಡು ಹಸು ಇದ್ದವು. ಕೆಂದಿ ಅನ್ನೋದನ್ನು ಕಾಡಂಚಿನಲ್ಲಿ ಹುಲಿ ಹೊಡೆಯಿತು. ಕರು ಇನ್ನೂ ಹಾಲು ಬಿಟ್ಟಿರಲಿಲ್ಲ. ಅಜ್ಜಿ ದೊಡ್ಡ ಸಾಧ್ವಿ, ನಗುತ್ತಾ ಒಪ್ಪಿಕೊಂಡಳು ಅಂತ ಬರೆದರೆ ಸುಳ್ಳಾಗುತ್ತದೆ. ಮೂರು ದಿನ ಹುಲಿಗೂ ಶಾಪ, ಮಾದಪ್ಪನಿಗೂ ಶಾಪ. ದನ ಮೇಯಿಸಲು ಹೋಗಿದ್ದ ನಮ್ಮ ಮಾವನಿಗಂತೂ ಜಾಸ್ತಿನೇ ಬಿತ್ತು. ನಾಲ್ಕನೇ ದಿನ ಸೋಮವಾರ. ಸ್ನಾನ ಮಾಡಿ, ಬಿಳಿ ಬಟ್ಟೆ ಚೂರನ್ನು ಅರಿಶಿನ ನೀರಲ್ಲಿ ಅದ್ದಿ, ನಾಲ್ಕಾಣೆ ಇಟ್ಟು ಗಂಟು ಹಾಕಿ, ಬೆಟ್ಟದ ದಿಕ್ಕಿಗೆ ನಿಂತು ಪಕ್ಕದ ಮನೆಯವರ ಹತ್ತಿರ ಮಾತಾಡುವ ಹಾಗೇ ಹೇಳಿದಳು: "ನಿನ್ ಕುದ್ರೆ ಹೊಟ್ಟೆ ತುಂಬಿಸ್ಕಂತು ಕನಪ್ಪ, ಆಯ್ತು. ಇನ್ನೊಂದು ಹಸ ನಂಗೆ ಬುಡು. ಬೆಟ್ಟಕ್ ಬಂದು ರಜಾ ಹೊಡೀತೀನಿ." ರಜಾ ಹೊಡೆಯೋದು ಅಂದರೆ ಮಾದಪ್ಪನ ಬಾಗಿಲ ಧೂಳು ಗುಡಿಸೋದು.

ಹುಲಿಯನ್ನು ಅವಳು ಹುಲಿ ಅನ್ನುತ್ತಿರಲಿಲ್ಲ. ಮಾದಪ್ಪನ ಕುದುರೆ ಅನ್ನುತ್ತಿದ್ದಳು. ಆಮೇಲೆ ಕೊಟ್ಟಿಗೆಯಲ್ಲಿ ಕರು ಹುಟ್ಟಿದಾಗೆಲ್ಲ ಗಂಟು ಬಿಚ್ಚಿ ಇನ್ನೊಂದು ಕಾಸು ಸೇರಿಸುತ್ತಿದ್ದಳು.

ಹಾಗಾದರೆ ಬೆಟ್ಟಕ್ಕೆ ಯಾಕೆ ಹೋಗಲಿಲ್ಲ? ಅದು ವೀರಪ್ಪನ್ ಕಾಲ. 1993ರಲ್ಲಿ ಪಾಲಾರ್ ಹತ್ತಿರ ನೆಲಬಾಂಬ್ ಸಿಡಿದ ಮೇಲೆ ಆ ಕಡೆ ಹೋಗ್ತೀನಿ ಅಂದರೆ ಗಂಡಸರು ಬೈಯುತ್ತಿದ್ದರು. ಆ ಭಯ ಹೋಗುವ ಹೊತ್ತಿಗೆ ಅಜ್ಜಿಗೆ ಮಂಡಿ ನೋವು, ನಡೆದು ಹೋಗೋಕಾಗಲ್ಲ. ಬಸ್ಸಿಗಾದರೆ ದುಡ್ಡು ಬೇಕು. ದುಡ್ಡು ಇರುತ್ತಿದ್ದುದು ತಾತನ ಜೇಬಲ್ಲಿ. ಕೇಳಿದರೆ "ಮುಂದಿನ ಅಮಾಸೆಗೆ ನೋಡುವಾ". ಎಷ್ಟೋ ಅಮಾವಾಸ್ಯೆಗಳು ಹೀಗೇ ಹೋದವು.

ನಾನು ಹೋಗಿದ್ದು ಸರ್ಕಾರಿ ಬಸ್ಸಲ್ಲಿ, ಆಧಾರ್ ತೋರಿಸಿ, ಸೊನ್ನೆ ರೂಪಾಯಿ ಟಿಕೆಟ್‌ನಲ್ಲಿ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದಾಗಿನಿಂದ ಕೇಳುತ್ತಲೇ ಇದ್ದೇವೆ ಅಲ್ವಾ, ಹೆಂಗಸರೆಲ್ಲ ಬಿಟ್ಟಿ ಬಸ್ಸು ಹತ್ತಿ ದೇವಸ್ಥಾನ ತುಂಬುತ್ತಿದ್ದಾರೆ ಅಂತ. ತುಂಬಲಿ ಬಿಡಿ. ನನ್ನ ಪಕ್ಕ ಕೂತಿದ್ದ ಅಜ್ಜಿಯೊಬ್ಬರು ಆ ಸೊನ್ನೆ ಟಿಕೆಟನ್ನು ನಾಲ್ಕು ಮಡಿಕೆ ಮಾಡಿ ಎಲೆಡಿಕೆ ಚೀಲದೊಳಗೆ ಇಟ್ಟುಕೊಂಡರು. ಯಾಕಜ್ಜಿ ಅಂದೆ. "ನನ್ನ ಹೆಸ್ರಿಗೆ ಕೊಟ್ಟವ್ರೆ ಕನವ್ವ" ಅಂದರು. ಟಿಕೆಟ್ಟಿನಲ್ಲಿ ಹೆಸರೇನೂ ಇರಲ್ಲ. ಹಾಗಂತ ನಾನು ಹೇಳಲಿಲ್ಲ. ತಾಳಬೆಟ್ಟ ದಾಟಿ ತಿರುವು ಶುರುವಾದಾಗ ಅವರೇ ಮೊದಲು "ಉಘೇ ಮಾದಪ್ಪ" ಅಂದಿದ್ದು, ಆಮೇಲೆ ಬಸ್ಸೆಲ್ಲ ಉಘೇ ಉಘೇ ಅಂತು, ನನಗೆ ಗಂಟಲು ಕಟ್ಟಿ ಹಾಗೇ ಮುಡಿಪನ್ನು ಹಿಡಿದುಕೊಂಡು ಕೂತೆ.

ಬೆಟ್ಟದಲ್ಲಿ ಜನವೋ ಜನ. ಧೂಪದ ಹೊಗೆ, ಎಳ್ಳೆಣ್ಣೆ, ಕಂಸಾಳೆ ಸದ್ದು. ಅಜ್ಜಿ ಹೇಳಿದ ಹಾಗೆ ಪೊರಕೆ ಹಿಡಿದು ರಜಾ ಹೊಡೆದೆ. ಪೂಜೆ ಮಾಡಿಸೋಕೆ ಗತಿ ಇಲ್ಲದವರೂ ಮಾದಪ್ಪನ ಬಾಗಿಲ ಧೂಳು ಗುಡಿಸಬಹುದು, ಅದೇ ಸೇವೆ. ಎಷ್ಟು ಚೆಂದ ಅಲ್ವಾ? ಆದರೆ ಈಗ ಪೊರಕೆ ಹಿಡಿದವರಲ್ಲಿ ಅರ್ಧ ಜನ ಫೋಟೋ ಆದ ತಕ್ಷಣ ಎದ್ದು ಹೋಗುತ್ತಾರೆ. ಗುಡಿಸಿದ ಜಾಗದಲ್ಲೇ ನೀರಿನ ಬಾಟಲಿ ಬಿಸಾಕಿ ಹೋದವರನ್ನೂ ಕಂಡೆ. ಅಜ್ಜಿ ಇದ್ದಿದ್ದರೆ ಅದೇ ಪೊರಕೆಯಲ್ಲಿ ಕೊಡುತ್ತಿದ್ದಳು.

ಹುಂಡಿ ಮುಂದೆ ಎಡವಟ್ಟಾಯಿತು. ಗಂಟಿನ ಬಟ್ಟೆ ಜೀರ್ಣವಾಗಿತ್ತು, ಕೈಯಲ್ಲೇ ಹರಿದು ಕಾಸು ಚೆಲ್ಲಿತು. ಹದಿನೇಳು. ಬಹುಪಾಲು ನಾಲ್ಕಾಣೆ, ಅದರಲ್ಲೂ ಘೇಂಡಾಮೃಗದ ಚಿತ್ರ ಇರೋವು. ಅಜ್ಜಿ ಅದನ್ನು ಹಂದಿ ಕಾಸು ಅನ್ನುತ್ತಿದ್ದಳು. ಹಿಂದಿದ್ದ ಹುಡುಗ ಪಾಪ ಬಗ್ಗಿ ಆರಿಸಿಕೊಟ್ಟ. "ಅಕ್ಕ, ಇವು ನಡೆಯಲ್ಲ" ಅಂದ. ನಿಜ, 2011ರ ಜೂನ್ 30ಕ್ಕೇ ನಾಲ್ಕಾಣೆ ಚಲಾವಣೆ ನಿಂತಿತು. ಅಜ್ಜಿ ಒಂದೊಂದು ಕರುವಿಗೆ ಒಂದೊಂದರಂತೆ ಕೂಡಿಟ್ಟ ಹಣಕ್ಕೆ ಈಗ ಬೆಲೆ ಇಲ್ಲ. ಒಂದು ನಿಮಿಷ ಕೈ ಹಿಂದೆ ಬಂತು. ಐನೂರರ ನೋಟು ಹಾಕಿ ಕಾಸು ಮನೆಗೆ ಒಯ್ಯಲಾ? ಆಮೇಲೆ ಅನ್ನಿಸಿತು, ಲೆಕ್ಕ ಇರೋದು ಅವಳಿಗೂ ಅವನಿಗೂ, ಮಧ್ಯೆ ನಾನ್ಯಾರು. ಹದಿನೇಳನ್ನೂ ಒಂದೊಂದಾಗಿ ಹಾಕಿದೆ. ಹಿಂದಿನವರು ಗೊಣಗಿದರು. ಗೊಣಗಲಿ.

ಸಂಜೆ ಹುಲಿವಾಹನ ಉತ್ಸವ ಹೊರಟಿತು. ನನಗೆ ಕೈ ಮುಗಿಯೋಕಾಗಲಿಲ್ಲ ಅನ್ನೋದನ್ನು ಬರೆಯಲೇಬೇಕು. ವಾಹನದ ಹುಲಿ ಮುಖ ನೋಡಿದರೆ ಆ ಐದೂ ಕಣ್ಣ ಮುಂದೆ ಬಂದವು. 2025ರ ಜೂನ್ 26ಕ್ಕೆ ಇದೇ ಬೆಟ್ಟದ ಕಾಡಿನಲ್ಲಿ, ಹೂಗ್ಯಂ ವಲಯದಲ್ಲಿ, ತಾಯಿ ಹುಲಿಯೂ ನಾಲ್ಕು ಮರಿಗಳೂ ಸತ್ತು ಬಿದ್ದಿದ್ದವಲ್ಲ. ಹುಲಿ ಹೊಡೆದ ಹಸುವಿನ ಮೈಗೆ ಯಾರೋ ವಿಷ ಹಾಕಿದ್ದರು. ಮರಿಗಳಿಗೂ ಅಮ್ಮ ತೋರಿಸಿಕೊಟ್ಟ ಊಟ.

ಆ ಸುದ್ದಿ ಬಂದ ದಿನ ಎಲ್ಲರೂ ಬೈದರು, ನಾನೂ ಬೈದೆ. ಆದರೆ ಕೆಂದಿ ಸತ್ತ ರಾತ್ರಿ ನಮ್ಮ ಮನೆ ಹೇಗಿತ್ತು ಅನ್ನೋದು ನನಗೆ ನೆನಪಿದೆ. ಕರು ರಾತ್ರಿಯೆಲ್ಲ ಕೂಗಿತು. ಅಂಥ ರಾತ್ರಿ ಯಾರಾದರೂ ಮಾವನ ಕೈಗೆ ಪುಡಿ ಪೊಟ್ಟಣ ಕೊಟ್ಟಿದ್ದರೆ ಅವನು ಬೇಡ ಅನ್ನುತ್ತಿದ್ದನಾ? ಹೇಳಲಾರೆ. ವಿಷ ಹಾಕಿದ್ದು ಪಾಪವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಸು ಕಳಕೊಂಡವನ ಸಂಕಟ ಕೇಳೋಕೆ ಒಬ್ಬರೂ ಇಲ್ಲದಿದ್ದರೆ ಅವನು ಎಲ್ಲಿಗೆ ಹೋಗಬೇಕು? ಅಜ್ಜಿಗೆ ಜಗಳ ಆಡೋಕೆ ಮಾದಪ್ಪ ಇದ್ದ. ಬೈದಳು, ಅತ್ತಳು, ಕೊನೆಗೆ ಚೌಕಾಸಿ ಮಾಡಿ ನಾಲ್ಕಾಣೆಗೆ ರಾಜಿಯಾದಳು. ಆ ಕಾಡು ವನ್ಯಧಾಮ ಆಗಿದ್ದು 2013ರಲ್ಲಿ. ಅವಳಿಗೆ ಅದು ಮೊದಲಿಂದಲೂ ಮಾದಪ್ಪನ ಹಟ್ಟಿ, ಹುಲಿ ಆ ಹಟ್ಟಿಯ ಪ್ರಾಣಿ.

ಈಗ ಬೆಟ್ಟದಲ್ಲಿ 108 ಅಡಿಯ ಮಾದಪ್ಪ ಹುಲಿ ಮೇಲೆ ಕೂತಿದ್ದಾನೆ. 2023ರಲ್ಲಿ ಉದ್ಘಾಟನೆ ಆಗಿದ್ದು. ದೂರದಿಂದಲೇ ಕಾಣುತ್ತದೆ, ಚೆನ್ನಾಗಿದೆ. ಎಲ್ಲರೂ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಾನೂ ನಿಂತೆ. ಸಿಮೆಂಟಿನ ಹುಲಿಗೆ ಹಸಿವಾಗಲ್ಲ, ಅದು ಯಾರ ಹಸುವನ್ನೂ ಹಿಡಿಯಲ್ಲ, ಅದಕ್ಕೇ ಅದನ್ನು ಕಂಡರೆ ನಮಗೆಲ್ಲ ಪ್ರೀತಿ ಅನ್ನಿಸಿ ಬೇಜಾರಾಯಿತು.

ಉತ್ಸವ ಎರಡನೇ ಸಲ ನನ್ನ ಮುಂದೆ ಬಂದಾಗ ಕೈ ತಾನಾಗೇ ಮೇಲೆ ಹೋಯಿತು. ಏನು ಬೇಡಿಕೊಳ್ಳಬೇಕು ಅಂತ ತೋಚದೆ "ನಿನ್ ಕುದ್ರೆ ಚೆನ್ನಾಗಿರಲಿ ಕನಪ್ಪ" ಅಂದುಬಿಟ್ಟೆ. ಅಜ್ಜಿಯ ದನಿಯೇ ಬಂದ ಹಾಗಾಯಿತು.

ವಾಪಸ್ಸು ಬರುವಾಗ ಅವ್ವ ಫೋನು ಮಾಡಿದಳು. "ಹಾಕ್ದಾ?" "ಹಾಕ್ದೆ." "ಬಟ್ಟೆ?" ಬಟ್ಟೆ ನನ್ನ ಬಲಗೈ ಮುಷ್ಟಿಯಲ್ಲೇ ಇತ್ತು, ಹುಂಡಿಗೆ ಹಾಕೋದು ಮರೆತೇ ಹೋಗಿತ್ತು. ಹೊಟ್ಟೆ ಹಸಿದಿತ್ತು. ಪ್ರಸಾದ ಎಡಗೈಯಲ್ಲಿ ತಿನ್ನೋಕಾಗುತ್ತಾ? ಬಟ್ಟೆ ಮಡಿಲಲ್ಲಿಟ್ಟು ಅದೇ ಕೈಯಲ್ಲಿ ಲಾಡು ಮುರಿದೆ. ತುಪ್ಪದ ಜೊತೆಗೆ ನಮ್ಮ ಕೊಟ್ಟಿಗೆ ಹೊಗೆಯ ವಾಸನೆಯೂ ಬಾಯಿಗೆ ಬಂತು.