"ಭಯ ಆಗಲ್ವಾ?" ಎಂದು ಕೇಳುವವರಿಗೆ

ನಾನು ಕ್ರೈಸ್ತಳು ಅಂತ ಗೊತ್ತಾದ ಮೇಲೆ ಜನ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. "ಈಗಿನ ಕಾಲದಲ್ಲಿ ಇಷ್ಟು ಬಿಚ್ಚಿ ಹೇಳಿಕೊಳ್ಳುತ್ತೀರಲ್ಲ, ಭಯ ಆಗಲ್ವಾ? ಸುಮ್ನೆ ಇರಬಾರದಾ?" ಕಾಳಜಿಯಿಂದ ಕೇಳುವವರೇ ಜಾಸ್ತಿ. ನಮ್ಮ ಚರ್ಚಿನ ಹುಡುಗ ಹುಡುಗಿಯರದ್ದೂ ಇದೇ ಪ್ರಶ್ನೆ, ಇನ್ನೊಂದು ಕಡೆಯಿಂದ: "ಧೈರ್ಯವಾಗಿರಿ ಅಂತ ಫಾದರ್ ಹೇಳ್ತಾರೆ. ಕಾಲೇಜಿನಲ್ಲಿ ಏನು ಮಾಡಬೇಕು ಹೇಳಿ ಆಂಟಿ."

ಭಯ ಆಗುತ್ತದೆ. 2021ರಲ್ಲಿ ಪಕ್ಕದ ಹೊಸದುರ್ಗದ ಶಾಸಕರು ಮತಾಂತರದ ವಿಷಯವನ್ನು ವಿಧಾನಸಭೆಯಲ್ಲಿ ಎತ್ತಿದರು. ಮರುವರ್ಷ ರಾಜ್ಯದಲ್ಲಿ ಮತಾಂತರ ತಡೆಯುವ ಕಾಯ್ದೆ ಬಂತು. ಧರ್ಮ ಬದಲಿಸುವವರು 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು ಎಂದಿತು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ರದ್ದು ಮಾಡಲು ತೀರ್ಮಾನಿಸಿತು. ಅಲ್ಲಿಯವರೆಗಿನ ದಿನಗಳಲ್ಲಿ ಕಿಟಕಿ ಬಾಗಿಲು ಹಾಕಿಕೊಂಡು ಜಪಸರ ಹೇಳುತ್ತಿದ್ದವರನ್ನು ನಾನು ಬಲ್ಲೆ. ಅವರನ್ನು ಬೈಯಲು ನನಗೆ ಮನಸ್ಸಿಲ್ಲ.

ಆದರೂ ಆಗೆಲ್ಲ ನನಗೆ ನೆನಪಾಗುತ್ತಿದ್ದವನು ಬೈಬಲಿನ ದಾನಿಯೇಲ. ಪರದೇಶದಲ್ಲಿ ದೊಡ್ಡ ಅಧಿಕಾರಿ. 30 ದಿನ ರಾಜನನ್ನು ಬಿಟ್ಟು ಯಾವ ದೇವರಿಗೂ ಬೇಡಿಕೊಳ್ಳಬಾರದು, ಬೇಡಿಕೊಂಡವರು ಸಿಂಹಗಳ ಗವಿಗೆ ಅಂತ ಆಜ್ಞೆ ಆಯಿತು. ಅದು ಗೊತ್ತಿದ್ದೂ ಅವನು ಮನೆಗೆ ಹೋದ. ಜೆರುಸಲೇಮಿನ ಕಡೆ ತೆರೆದಿದ್ದ ಕಿಟಕಿಯ ಮುಂದೆ ದಿನಕ್ಕೆ ಮೂರು ಸಲ ಮೊಣಕಾಲೂರಿದ. ಮೊದಲೂ ಹಾಗೇ ಮಾಡುತ್ತಿದ್ದ. ಬೀದಿಗೆ ಬಂದು ಕೂಗಲಿಲ್ಲ, ಕಿಟಕಿ ಮುಚ್ಚಲೂ ಇಲ್ಲ. ಧೈರ್ಯ ಅಂದರೆ ನನಗೆ ಅದೇ. ಕಾಲ ಬದಲಾಯಿತು ಅಂತ ದನಿ ಏರಿಸುವುದೂ ಬೇಡ, ಅಡಗಿಕೊಳ್ಳುವುದೂ ಬೇಡ.

ನಾನು ದಾವಣಗೆರೆಯ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತೇನೆ. ಆಯುಧಪೂಜೆಗೆ ಎಲ್ಲರ ಜೊತೆ ಸೇರಿ ಮಿಷನ್ ಒರೆಸುತ್ತೇನೆ, ಚೆಂಡುಹೂವಿನ ಹಾರ ಕಟ್ಟುತ್ತೇನೆ. ಮಂಗಳಾರತಿ ಹೊತ್ತಿಗೆ ಹಿಂದೆ ಸುಮ್ಮನೆ ನಿಲ್ಲುತ್ತೇನೆ. ಸೇರಿದ ಹೊಸದರಲ್ಲೇ ಹೇಳಿದ್ದೆ: "ಸಾಹುಕಾರ್ರೇ, ನಿಮ್ಮ ಪೂಜೆ ಮೇಲೆ ನನಗೆ ಗೌರವ ಇದೆ. ಆದರೆ ನಾನು ಆರತಿ ತಗೊಳಲ್ಲ, ತಪ್ಪು ತಿಳಿಬೇಡಿ." ಅವರು, "ಆಯ್ತು ಬಿಡಮ್ಮ, ಊಟ ಮಾತ್ರ ತಪ್ಪಿಸಬೇಡ" ಎಂದರು. ಊಟಕ್ಕೆ ಎಲ್ಲರ ಸಾಲಿನಲ್ಲೇ ಕೂರುತ್ತೇನೆ. ಬೈಬಲಿನಲ್ಲಿ ಸಂತ ಪೌಲರು ಕೊರಿಂಥ ಊರಿನ ಕ್ರೈಸ್ತರಿಗೆ ಬರೆದದ್ದೂ ಹಾಗೇ. ಕರೆದರೆ ಹೋಗಿ, ಬಡಿಸಿದ್ದನ್ನು ವಿಚಾರಿಸದೆ ಉಣ್ಣಿ. ಇದು ದೇವರಿಗೆ ಇಟ್ಟದ್ದು ಅಂತ ಯಾರಾದರೂ ಹೇಳಿದರೆ, ಹೇಳಿದವರ ಸಲುವಾಗಿ ಬಿಡಿ. ಈ ವಿಷಯದಲ್ಲಿ ನಮ್ಮವರಲ್ಲೇ ಒಂದೇ ಅಭಿಪ್ರಾಯ ಇಲ್ಲ. ನನ್ನದು ಇದು.

ಇದು ಸುಲಭದ ಭಾಗ. ಮೊದಲು ಕೆಲಸ ಮಾಡುತ್ತಿದ್ದ ಒಂದು ಕಡೆ, ಭತ್ತ ತಂದ ರೈತರ ಚೀಟಿಯಲ್ಲಿ ತೂಕ ಕಡಿಮೆ ಬರೆಯಲು ಹೇಳಿದರು. ಬರೆಯಲ್ಲ ಎಂದೆ. ಕೆಲಸ ಹೋಯಿತು. ಮೋಸದ ತಕ್ಕಡಿ ಸರ್ವೇಶ್ವರನಿಗೆ ಅಸಹ್ಯ ಅಂತ ಬೈಬಲಿನ ಜ್ಞಾನೋಕ್ತಿಯಲ್ಲಿದೆ. ಕೊರಳಲ್ಲಿ ಶಿಲುಬೆ ಹಾಕಿಕೊಂಡು ಸುಳ್ಳು ತೂಕ ಬರೆದರೆ, ರೈತ ನನ್ನ ದೇವರ ಬಗ್ಗೆ ಏನಂದುಕೊಳ್ಳಬೇಕು? ಚರ್ಚಿನಲ್ಲಿ ಧೈರ್ಯದ ಮಾತು ಬಂದಾಗ ನಾವು ಈ ಕಡೆ ನೋಡುವುದೇ ಕಡಿಮೆ.

ಇನ್ನೊಂದು ಕಡೆಯೂ ನೋಡುವುದಿಲ್ಲ. ಮದುವೆ ಮಾತು ಬಂದರೆ "ಅವರು ಮೊದಲು ಯಾವ ಜಾತಿ?" ಅಂತ ನಮ್ಮವರೇ ಪಿಸುಗುಟ್ಟುತ್ತಾರೆ. ಹೊರಗಿನವರೆದುರು ವಿಶ್ವಾಸದ ಬಗ್ಗೆ ಮಾತಾಡುವುದಕ್ಕಿಂತ ಈ ಪಿಸುಮಾತಿಗೆ ಎದುರು ನಿಲ್ಲಲು ಜಾಸ್ತಿ ಎದೆಗಾರಿಕೆ ಬೇಕು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತರಾದ ದಲಿತರನ್ನು ಪರಿಶಿಷ್ಟ ಜಾತಿ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗಾಗಿ ಕಾಗದದಲ್ಲಿ ಒಂದು, ಚರ್ಚಿನಲ್ಲಿ ಒಂದು ಅಂತ ಬದುಕುವವರಿದ್ದಾರೆ. ಮಕ್ಕಳ ಸ್ಕಾಲರ್‌ಶಿಪ್ ಕಳೆದುಕೊಳ್ಳುವ ಪ್ರಸಂಗವೇ ಇಲ್ಲದ ನಾನು, ಅವರಿಗೆ ಧೈರ್ಯ ಸಾಲದು ಅಂತ ಹೇಳಲಾರೆ.

"ಹಾಗಾದರೆ ಮತಾಂತರ ಮಾಡ್ತೀರಾ?" ಇದೂ ಬಂದೇ ಬರುತ್ತದೆ. ಸಂವಿಧಾನದ 25ನೇ ವಿಧಿ ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಪ್ರಚಾರದ ಹಕ್ಕು ಎಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಅಂತ 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆಸೆ ತೋರಿಸಿಯೋ ಹೆದರಿಸಿಯೋ ಯಾರನ್ನಾದರೂ ಕರೆತಂದರೆ ಅದು ನನ್ನ ದೇವರಿಗೇ ಅವಮಾನ. ಆದರೆ ಯೇಸು ನನಗೆ ಯಾರು ಅಂತ ಕೇಳಿದರೆ ಬಾಯಿ ಮುಚ್ಚಿಕೊಳ್ಳುವುದಿಲ್ಲ. ಕೇಳಿದವರಿಗೆಲ್ಲ ಉತ್ತರ ಕೊಡಲು ಸಿದ್ಧರಾಗಿರಿ, ಆದರೆ ವಿನಯದಿಂದ, ಗೌರವದಿಂದ ಕೊಡಿ ಅನ್ನುತ್ತಾರೆ ಯೇಸುವಿನ ಶಿಷ್ಯ ಸಂತ ಪೇತ್ರರು. ಆ ಎರಡನೇ ಅರ್ಧವನ್ನು ನಮ್ಮಲ್ಲಿ ಕೆಲವರು ಮರೆಯುತ್ತಾರೆ. ಬೇರೆಯವರ ದೇವರನ್ನು ಮೈಕಿನಲ್ಲಿ ಹೀಯಾಳಿಸುವುದನ್ನು ನಾನು ವಿಶ್ವಾಸದ ಸಾಕ್ಷಿ ಅಂತ ಒಪ್ಪುವುದಿಲ್ಲ. ಹರಿಹರದ ಆರೋಗ್ಯಮಾತೆಯ ಚರ್ಚು 2019ರಲ್ಲಿ ಬಸಿಲಿಕ ಆಯಿತು, ಅಂದರೆ ಪೋಪರು ವಿಶೇಷ ಗೌರವ ಕೊಟ್ಟ ಚರ್ಚು. ಸೆಪ್ಟೆಂಬರ್ 8ರ ಹಬ್ಬಕ್ಕೆ ಹರಕೆ ಹೊತ್ತು ಬರುವವರಲ್ಲಿ ಬೇರೆ ಧರ್ಮದವರು ಬೇಕಾದಷ್ಟು. ಅವರನ್ನು ಬಲವಂತ ಮಾಡಿ ಕರೆದವರು ಯಾರು?

ಇನ್ನು ಕಾಲೇಜಿನ ಮಕ್ಕಳಿಗೆ. ನಿಮಗೆ ಭಾಷಣ ಬೇಕಿಲ್ಲ ಅಂತ ಗೊತ್ತು. ಭಾನುವಾರ ಸ್ಪೆಷಲ್ ಕ್ಲಾಸ್ ಇಟ್ಟರೆ ಹೊಟ್ಟೆನೋವು ಅಂತ ಹೇಳಬೇಡಿ. "ಸರ್, ಚರ್ಚಿನಲ್ಲಿ ಬಲಿಪೂಜೆ (ಮಾಸ್) ಇದೆ, ಮುಗಿಸಿಕೊಂಡು ಬರುತ್ತೇನೆ" ಅನ್ನಿ. ಬೇಡ ಎಂದರೆ ಇನ್ನೊಮ್ಮೆ ಕೇಳಿ. ಆಗಲೂ ಆಗದಿದ್ದರೆ ನನಗೆ ಫೋನ್ ಮಾಡಿ, ಬಂದು ಮಾತಾಡುತ್ತೇನೆ.