ಸುರ್ಕಿ ಅಂದರೆ ಏನು? ಕನ್ನಂಬಾಡಿ ಕಟ್ಟೆಗೆ ಬೆಲ್ಲ ಕಲಸಿದ್ದರಾ?

ಹಳೆ ಮನೆಗಳ ಗಾರೆ ಕೆಲಸ ಮಾಡಿಸುತ್ತೇನೆ ಅಂತ ಗೊತ್ತಾದರೆ ಸಾಕು, ಜನ ಕೇಳುವುದು ಇದನ್ನೇ: "ಕೆಆರ್‌ಎಸ್‌ಗೆ ಸಿಮೆಂಟ್ ಹಾಕಿಲ್ವಂತೆ, ಸುರ್ಕಿಯಂತೆ. ಹಾಗಂದ್ರೇನು? ಬೆಲ್ಲ, ಮೊಟ್ಟೆ ಕಲಸಿದ್ದಾ?"

ಸುರ್ಕಿ ಅಂದರೆ ಸುಟ್ಟ ಜೇಡಿಮಣ್ಣಿನ ನುಣ್ಣನೆಯ ಪುಡಿ. ಸಾಮಾನ್ಯವಾಗಿ ಇಟ್ಟಿಗೆ ಪುಡಿ. ಪಾರಸಿ ಭಾಷೆಯಲ್ಲಿ ಸುರ್ಖ್ ಅಂದರೆ ಕೆಂಪು. ಅದರಿಂದ ಸುರ್ಖಿ, ನಮ್ಮ ಬಾಯಲ್ಲಿ ಸುರ್ಕಿ. ಹೆಸರು ಬಂದಿದ್ದು ಬಣ್ಣದಿಂದ. ಆದರೆ ಗಾರೆಗೆ ಅದನ್ನು ಹಾಕುತ್ತಿದ್ದದ್ದು ಬಣ್ಣಕ್ಕಲ್ಲ.

ಬರೀ ಸುಣ್ಣ, ಮರಳಿನ ಗಾರೆ ಗಟ್ಟಿಯಾಗುವುದು ಗಾಳಿಯಿಂದ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸುಣ್ಣ ಮತ್ತೆ ಕಲ್ಲಾಗುತ್ತದೆ. ಇದು ಬಹಳ ನಿಧಾನ. ದಪ್ಪ ಗೋಡೆಯ ಒಳಗೆ ಗಾಳಿ ಸರಿಯಾಗಿ ಹೋಗುವುದಿಲ್ಲ, ನೀರಿನ ಅಡಿಯಲ್ಲಂತೂ ಆ ಮಾತೇ ಇಲ್ಲ. ಸುರ್ಕಿ ಬೆರೆತರೆ ಕಥೆಯೇ ಬೇರೆ. ಹದವಾಗಿ ಸುಟ್ಟ ಮಣ್ಣಿನಲ್ಲಿರುವ ಸಿಲಿಕಾ ಮತ್ತು ಅಲ್ಯುಮಿನಾ, ನೀರಿದ್ದಾಗ ಸುಣ್ಣದ ಜೊತೆ ಸೇರಿ ಹೊಸ ಅಂಟಾಗುತ್ತವೆ. ಅದಕ್ಕೆ ಗಾಳಿ ಬೇಡ. ಒದ್ದೆಯಲ್ಲೇ ಗಟ್ಟಿಯಾಗುತ್ತದೆ. ರೋಮನ್ನರು ಇದೇ ಕೆಲಸಕ್ಕೆ ಇಟಲಿಯ ಪೊಟ್ಸುವೋಲಿ ಊರಿನ ಹತ್ತಿರ ಸಿಗುತ್ತಿದ್ದ ಜ್ವಾಲಾಮುಖಿ ಬೂದಿಯನ್ನು ಬಳಸುತ್ತಿದ್ದರು. ಆ ಊರಿನಿಂದಲೇ ಇಂಥ ಪುಡಿಗಳಿಗೆಲ್ಲ ಪೊಜೊಲಾನಾ ಅನ್ನುವ ಹೆಸರು ಬಂತು. ನಮ್ಮಲ್ಲಿ ಅಂಥ ಬೂದಿ ಎಲ್ಲಿದೆ? ಇಟ್ಟಿಗೆ ಇತ್ತು, ಅದನ್ನೇ ಕುಟ್ಟಿದರು.

ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಿದ್ದು 1911ರಲ್ಲಿ. ಪೋರಬಂದರಿನಲ್ಲಿ ಸಿಮೆಂಟ್ ತಯಾರಾಗತೊಡಗಿದ್ದು 1914ರಲ್ಲಿ. ಅಂದರೆ ಸಿಮೆಂಟ್ ಬೇಕು ಅಂದರೆ ಹಡಗಿನಲ್ಲಿ ತರಿಸಬೇಕಿದ್ದ ಕಾಲ ಅದು. ಸುಮಾರು 130 ಅಡಿ ಎತ್ತರದ, ಒಂದೂವರೆ ಮೈಲಿಗೂ ಉದ್ದದ ಕಲ್ಲಿನ ಕಟ್ಟೆಗೆ ಎಷ್ಟು ಬೇಕಾಗುತ್ತಿತ್ತು ಯೋಚಿಸಿ! ಅದಕ್ಕೂ ಮೊದಲೇ, 1895ರಲ್ಲಿ, ಮುಲ್ಲಪೆರಿಯಾರ್ ಅಣೆಕಟ್ಟು ಸುಣ್ಣ-ಸುರ್ಕಿ ಗಾರೆಯಲ್ಲಿ ಮುಗಿದಿತ್ತು. ಹಾಗಾಗಿ ಮೈಸೂರಿನ ಎಂಜಿನಿಯರುಗಳು ಸುರ್ಕಿ ಹಿಡಿದದ್ದು ಬೇರೆ ದಾರಿಯಿಲ್ಲದ ರಾಜಿ ಅಂತ ನನಗೆ ಅನ್ನಿಸುವುದಿಲ್ಲ. ಗೊತ್ತಿದ್ದೇ ಮಾಡಿದ ಆಯ್ಕೆ ಅದು.

ಬೆಲ್ಲದ ವಿಷಯಕ್ಕೆ ಬರೋಣ. ತಾರಸಿ ಗಾರೆಗೆ, ನಯವಾದ ಗಿಲಾವಿಗೆ ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಹಾಕುತ್ತಿದ್ದದ್ದು ನಿಜ. ಆದರೆ ಕಟ್ಟೆಯ ಗಾರೆ ನೀರಿನಲ್ಲಿ ಹಿಡಿದುಕೊಂಡಿರುವುದು ಸುರ್ಕಿಯ ಗುಣದಿಂದ. ಬೆಲ್ಲದ ಕಥೆ ಹೇಳಲು ಸೊಗಸು, ಆದರೆ ಅದು ಇಟ್ಟಿಗೆ ಕುಟ್ಟಿದವರ, ಗಾಣದಲ್ಲಿ ಗಾರೆ ಅರೆದವರ ಕೆಲಸವನ್ನು ಮರೆಸಿಬಿಡುತ್ತದೆ. ನನಗೆ ಬೇಜಾರಾಗುವುದು ಅದಕ್ಕೇ.

ಇನ್ನೊಂದು ಮಾತು, ಮನೆ ರಿಪೇರಿ ಮಾಡಿಸುವವರಿಗೆ. ಕೆಂಪಗಿರುವ ಪುಡಿಯೆಲ್ಲ ಸುರ್ಕಿ ಅಲ್ಲ. ಇಟ್ಟಿಗೆ ಜಾಸ್ತಿ ಬೆಂದು ಗಾಜಿನ ಹಾಗೆ ಗಟ್ಟಿಯಾದರೆ ಅದರ ಪುಡಿ ಸುಣ್ಣದ ಜೊತೆ ಸರಿಯಾಗಿ ಬೆರೆತು ಕೆಲಸ ಮಾಡುವುದಿಲ್ಲ, ಸುಮ್ನೆ ಮರಳಿನಂತೆ ಬಿದ್ದಿರುತ್ತದೆ. ಬೇಯದ ಹಸಿ ಮಣ್ಣೂ ಆಗದು. ತರಿಸುವ ಮೊದಲು ಸ್ವಲ್ಪ ಪುಡಿಯನ್ನು ಅರಳಿದ ಸುಣ್ಣದ ಜೊತೆ ಕಲಸಿ ಉಂಡೆ ಮಾಡಿ. ಒದ್ದೆ ಗೋಣಿಚೀಲ ಮುಚ್ಚಿ ಕೆಲವು ದಿನ ನೆರಳಿನಲ್ಲಿಡಿ. ಆಮೇಲೆ ನೀರಿಗೆ ಹಾಕಿ. ಕರಗಿ ಕೆಸರಾದರೆ ಆ ಪುಡಿ ಬೇಡ.